ಹಾಲು ನಮ್ಮದು, ಹಣೆಪಟ್ಟಿ ಯಾರದು?



ಬೆಳಿಗ್ಗೆ ಕಾಫಿ ಕುಡಿದಿರಾ? ಲೋಟದೊಳಗಿನ ಹಾಲು ಎಲ್ಲಿಂದ ಬಂತೆಂದು ಒಮ್ಮೆಯಾದರೂ ಕೇಳಿದ್ದೀರಾ? ಚನ್ನಗಿರಿಯ ಅಡಿಕೆ ತೋಟದ ಮಗ್ಗುಲಿನ ಕೊಟ್ಟಿಗೆ, ಹೊನ್ನಾಳಿಯ ಹೊಳೆದಂಡೆ, ಮಳೆ ಮುನಿಸಿಕೊಂಡ ಜಗಳೂರು. ಎರಡು ಮೂರು ಹಸು ಕಟ್ಟಿಕೊಂಡ ಇಂಥ ಮನೆಗಳಿಂದಲೇ ಬಂದಿದೆ.

ಮೊನ್ನೆ ನ್ಯಾಮತಿ ಕಡೆಯ ಹುಡುಗನೊಬ್ಬ ನನ್ನ ಪ್ರೆಸ್ಸಿಗೆ ಬಂದ. ಸಣ್ಣ ಡೈರಿ ಇಟ್ಟಿದ್ದಾನೆ. ಮೊಸರಿನ ಪ್ಯಾಕೆಟ್ಟಿಗೆ ಲೇಬಲ್ ಬೇಕಿತ್ತು. ಎಲ್ಲವನ್ನೂ ಅಚ್ಚುಕಟ್ಟಾಗಿ ಕನ್ನಡದಲ್ಲೇ ಬರೆದು ತಂದಿದ್ದ. 'ಇಷ್ಟೇ ಸಾಲದಪ್ಪ, ಇಂಗ್ಲಿಷೋ ಹಿಂದಿಯೋ ಇರಲೇಬೇಕು' ಎಂದೆ. ಅವನು ನನ್ನ ಮುಖ ನೋಡಿದ. 'ಅಣ್ಣಾ, ಹಾಲು ನಮ್ದು, ತಿನ್ನೋರು ನಮ್ಮೋರು. ಇಂಗ್ಲಿಷು ಯಾರಿಗೆ?'

ನನ್ನ ಬಳಿ ಉತ್ತರವಿರಲಿಲ್ಲ. ನಿಮ್ಮ ಬಳಿ ಇದೆಯೇ?

ಕಾನೂನೇ ಬೇಡ ಎನ್ನುವವನು ನಾನಲ್ಲ. ಹಾಲಿಗೆ ಯೂರಿಯಾ ಬೆರೆಸುವವನನ್ನು ಹಿಡಿಯಲೇಬೇಕು. ಹಸಿ ಹಾಲನ್ನು ಕಾಯಿಸದೆ ಕುಡಿದರೆ ರೋಗ ಬರುತ್ತದೆ, ಅದೂ ನಿಜ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲಿ ನಿಯಮ ಬಂತು. ಇಡೀ ಹಾಲನ್ನು ಸಹಕಾರ ಸಂಘಕ್ಕೆ ಹಾಕುವ ಸದಸ್ಯನಿಗೆ ನೋಂದಣಿಯಿಂದ ವಿನಾಯಿತಿ. ಸೈಕಲ್ಲಿಗೆ ಕ್ಯಾನು ಕಟ್ಟಿ ಮನೆಮನೆಗೆ ಹಾಲು ಹಾಕುವವನಿಗೆ ನೋಂದಣಿ ಕಡ್ಡಾಯ. ಹಸುವಿನ ಹಾಲಿನಲ್ಲಿ ಫ್ಯಾಟ್ 3.2, ಎಸ್‌ಎನ್‌ಎಫ್ 8.3 ಇರಬೇಕು. ಬರಗಾಲದಲ್ಲಿ ಮೇವಿಲ್ಲದ ಜಗಳೂರಿನ ಹಸುವಿಗೆ ಈ ಲೆಕ್ಕ ಗೊತ್ತೇ? ನೀರು ಬೆರೆಸದಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ, ಬಡಪಾಯಿ ಕಳ್ಳನಾಗುತ್ತಾನೆ! ಪ್ರಾಧಿಕಾರವೇ 2018ರಲ್ಲಿ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿತು. ಕಲಬೆರಕೆಯಿಂದ ಅಸುರಕ್ಷಿತ ಎನಿಸಿದ್ದು ಬರೀ 12!

ಇನ್ನು ಭಾಷೆ. 2020ರ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿರಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಸೇರಿಸಿಕೊಳ್ಳಬಹುದಂತೆ. ಅಂದರೆ ಕನ್ನಡ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟವಿಲ್ಲ! ನಿಯಮ ತಪ್ಪಿದ ಲೇಬಲ್ಲಿಗೆ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡವಿದೆ. ಆ ಹುಡುಗನ ಕೊಟ್ಟಿಗೆ ಮಾರಿದರೂ ಅಷ್ಟು ಹುಟ್ಟುವುದಿಲ್ಲ.

2023ರ ಮಾರ್ಚಿನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಎಂದು ಹಾಕಿ ಅಂದರು. ನಾವು ಸಿಡಿದೆದ್ದೆವು, ಆದೇಶ ಸಡಿಲವಾಯಿತು. 'ಕರ್ಡ್' ಎಂದು ಬರೆದು ಪಕ್ಕದ ಕಂಸದಲ್ಲಿ 'ಮೊಸರು' ಎನ್ನಬಹುದು ಎಂದರು. ಗೆದ್ದೆವೆಂದು ಬೀಗಿದೆವು. ಗೋಕುಲದ ಮೊಸರು ಇನ್ನೂ ಕಂಸನ ಸೆರೆಯಲ್ಲೇ ಇದೆಯಲ್ಲ, ಗೆಳೆಯರೇ!

ನಮ್ಮ ಬೇಡಿಕೆ ಒಂದೇ. ಕರ್ನಾಟಕದಲ್ಲಿ ತಯಾರಾಗಿ ಕರ್ನಾಟಕದಲ್ಲೇ ಮಾರಾಟವಾಗುವ ಹಾಲು, ಮೊಸರು, ತುಪ್ಪಕ್ಕೆ ಕನ್ನಡದ ಲೇಬಲ್ ಒಂದೇ ಸಾಕು ಎಂದು ನಿಯಮ ತಿದ್ದಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಮಾಡಿಕೊಂಡ ರಾಜ್ಯ ಸರ್ಕಾರ ದಿಲ್ಲಿಯ ಮುಂದೆ ಈ ಮಾತನ್ನು ಗಟ್ಟಿಯಾಗಿ ಆಡಲಿ.

ನೀವೇನು ಮಾಡಬೇಕು? ಘೋಷಣೆ ಕೂಗಿದರೆ ಮುಗಿಯಲಿಲ್ಲ. ನಾಳೆ ನಿಮ್ಮ ಮನೆಗೆ ಹಾಲು ಹಾಕುವವರನ್ನು ನಿಲ್ಲಿಸಿ, ನೋಂದಣಿ ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ಬೆದರಿಸಬೇಡಿ. ಪಕ್ಕದಲ್ಲಿ ಕೂತು ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಕೊಡಿ, ನಿಯಮವನ್ನು ಕನ್ನಡದಲ್ಲಿ ತಿಳಿಸಿ ಹೇಳಿ. ನೀವು ಕಲಿತ ಇಂಗ್ಲಿಷು ಅಷ್ಟಕ್ಕಾದರೂ ಬರಲಿ.

ಆ ಹುಡುಗನ ಲೇಬಲ್ಲಿನಲ್ಲಿ ಕಾನೂನಿಗೆ ಬೇಕಾದಷ್ಟು ಇಂಗ್ಲಿಷ್ ಸೇರಿಸಿ ಅಚ್ಚು ಹಾಕಿಕೊಟ್ಟೆ. ಅವನು ಬರೆದು ತಂದ ಕನ್ನಡದ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ. ಅದನ್ನು ಹಾಗೆಯೇ ಅಚ್ಚು ಹಾಕುವ ದಿನ ಬರಬೇಕು. ತರುವವರು ನೀವು.