ನಲ್ಲಿ ರಿಪೇರಿಗೆ ಮೀಟರ್ ಇಲ್ಲ

ಲಗ್ಗೆರೆಯಲ್ಲಿ ಆಟೋ ಹತ್ತಿದರೆ ಎಷ್ಟು ಕೊಡಬೇಕೆಂದು ಸರ್ಕಾರ ಹೇಳಿದೆ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಡ್ರೈವರ್ ಅಷ್ಟಕ್ಕೆ ಬರುತ್ತಾನೋ ಇಲ್ಲವೋ ಅದು ಬೇರೆ ಮಾತು. ಜಗಳ ಆಡೋದಕ್ಕಾದರೂ ಒಂದು ಲೆಕ್ಕ ಇದೆ. ಕ್ಷೌರದಂಗಡಿಯಲ್ಲಿ ಕನ್ನಡಿ ಪಕ್ಕ ದರದ ಬೋರ್ಡು ತೂಗುತ್ತದೆ. ಹೋಟೆಲಿನಲ್ಲಿ ಇಡ್ಲಿ-ವಡೆ ಬೆಲೆ ಗೋಡೆ ಮೇಲಿರುತ್ತದೆ. ಮನೆಯ ನಲ್ಲಿ ಸೋರಿತು, ಫ್ಯಾನು ನಿಂತಿತು, ಬಚ್ಚಲು ಕಟ್ಟಿಕೊಂಡಿತು ಅಂದರೆ ಮಾತ್ರ ಯಾವ ಬೋರ್ಡೂ ಇಲ್ಲ. ಬಂದವನು ಕೇಳಿದ್ದೇ ದರ, ಮನೆಯವರು ಕೊಟ್ಟದ್ದೇ ಕೂಲಿ.

ಲಗ್ಗೆರೆಯ ಮನೆ ಮಾಲೀಕ ಅಂದರೆ ದೊಡ್ಡ ಸಾಹುಕಾರ ಅಂತ ಯಾರೂ ತಿಳಿಯಬಾರದು. ಇಪ್ಪತ್ತು-ಮೂವತ್ತರ ಸೈಟು, ಕೆಳಗೆ ತಾವು, ಮೇಲೆ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವ ಬಾಡಿಗೆದಾರರು. ಬಂದ ಬಾಡಿಗೆ ಬ್ಯಾಂಕಿನ ಕಂತಿಗೆ, ಮಕ್ಕಳ ಫೀಜಿಗೆ ಹೋಗುತ್ತದೆ. ಅಂಥ ಮನೆಗೆ ತಿಂಗಳ ಇಪ್ಪತ್ತನೇ ತಾರೀಖು ಬರುವ 1,800 ರೂಪಾಯಿಯ ರಿಪೇರಿ ಸಣ್ಣ ಖರ್ಚಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಹೋದ ಯಜಮಾನ ಸಂಜೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ದುಡ್ಡೂ ಹೋಗಿರುತ್ತದೆ. ಏನು ಹಾಕಿದ, ಎಷ್ಟು ತಗೊಂಡ ಅಂದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬಾರದು.

ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಕಡೆ ಈಗ ಬಾಯಿಂದ ಬಾಯಿಗೆ ನಡೆಯುತ್ತಿರುವ ದರ ಸುಮಾರಾಗಿ ಹೀಗಿದೆ. ಪ್ಲಂಬರ್ ಮನೆಗೆ ಬಂದು ಒಂದು ನಲ್ಲಿ ಬದಲಿಸಿದರೆ ಕೂಲಿ 200ರಿಂದ 300. ಫ್ಲಶ್ ಟ್ಯಾಂಕಿನ ಒಳಗಿನ ಸಾಮಾನು ಬದಲಿಸಲು 300ರಿಂದ 500. ಫ್ಯಾನು ಇಳಿಸಿ ಏರಿಸಲು 200ರಿಂದ 300. ಬರೀ ಕಂಡೆನ್ಸರ್ ಹೋಗಿದ್ದರೆ ಸಾಮಾನು ನೂರರೊಳಗೆ, ಕೈಕೂಲಿ ನೂರೈವತ್ತೋ ಇನ್ನೂರೋ. ಸಾವಿರ ಲೀಟರಿನ ತೊಟ್ಟಿ ತೊಳೆಯಲು 500ರಿಂದ 800. ಸಂಪಿಗೆ ಅದಕ್ಕಿಂತ ಜಾಸ್ತಿ. ಒಂದು ಎಚ್‌ಪಿ ಮೋಟಾರು ಸುಟ್ಟು ವೈಂಡಿಂಗ್‌ಗೆ ಹೋದರೆ ಎರಡರಿಂದ ಮೂರು ಸಾವಿರ, ಬಿಚ್ಚಿ ಕೂರಿಸುವ ಕೂಲಿ ಬೇರೆ. ಗಾರೆ ಮೇಸ್ತ್ರಿಯ ದಿನಗೂಲಿ 1,000ದಿಂದ 1,200, ಜೊತೆಯ ಆಳಿಗೆ 700ರಿಂದ 800. ಬಡಗಿ, ಪೇಂಟರ್ ಕೂಲಿಯೂ ಸಾವಿರದ ಆಸುಪಾಸಿನಲ್ಲಿದೆ. ಹಬ್ಬದ ಮುಂಚೆ ಇದೇ ದರ ಮೇಲಕ್ಕೆ ಜಿಗಿಯುತ್ತದೆ, ಆಷಾಢದಲ್ಲಿ ಮಾತಾಡಿದರೆ ಕೊಂಚ ಇಳಿಯುತ್ತದೆ.

"ಹತ್ತು ನಿಮಿಷದ ಕೆಲಸಕ್ಕೆ ಮುನ್ನೂರಾ?" ಎಂಬ ಕೂಗು ಪ್ರತಿ ಬೀದಿಯಲ್ಲೂ ಕೇಳುತ್ತದೆ. ಇದರಲ್ಲಿ ಅರ್ಧ ನ್ಯಾಯ ಮಾತ್ರ ಇದೆ. ಹತ್ತು ನಿಮಿಷದ ಕೆಲಸಕ್ಕೆ ಆ ಮನುಷ್ಯ ಅಂದ್ರಹಳ್ಳಿಯಿಂದಲೋ ಸುಂಕದಕಟ್ಟೆಯಿಂದಲೋ ಬರಬೇಕು. ಬಂದು ನೋಡಬೇಕು, ಅಂಗಡಿಗೆ ಹೋಗಬೇಕು, ವಾಪಸ್ ಬರಬೇಕು. ಅಲ್ಲಿಗೆ ಎರಡು ಗಂಟೆ. ದಿನಕ್ಕೆ ಇಂಥ ನಾಲ್ಕು ಮನೆ ಸಿಕ್ಕರೆ ಅವನ ಕೈಗೆ 1,200 ರೂಪಾಯಿ. ಪೆಟ್ರೋಲು ಕಳೆದರೆ ಗಾರೆಯವನಿಗಿಂತ ಕಡಿಮೆ. ಎರಡೇ ಮನೆ ಸಿಕ್ಕ ದಿನವೂ ಉಂಟು, "ನಾಳೆ ಕೊಡ್ತೀನಿ ಕಣಪ್ಪ" ಎಂದು ಬಾಕಿ ನಿಲ್ಲಿಸಿದ ಮನೆಯೂ ಉಂಟು. ಮುನ್ನೂರು ಕೇಳಿದವನನ್ನು ಕಳ್ಳ ಅನ್ನುವುದು ಸಲ್ಲ.

ಮನೆಯವರು ನಿಜವಾಗಿ ಕಳೆದುಕೊಳ್ಳುತ್ತಿರುವುದು ಕೂಲಿಯಲ್ಲಿ ಅಲ್ಲ, ಸಾಮಾನಿನಲ್ಲಿ. ನಲ್ಲಿಯ ಡಬ್ಬಿ ಮೇಲೆ ಎಂಆರ್‌ಪಿ 950 ಅಂತ ಅಚ್ಚಾಗಿರುತ್ತದೆ ಅನ್ನಿ. ಕೌಂಟರಿನಲ್ಲಿ ಅದೇ ನಲ್ಲಿ ಪ್ಲಂಬರ್‌ಗೆ ಆರುನೂರಕ್ಕೋ ಆರುನೂರೈವತ್ತಕ್ಕೋ ಹೋಗುತ್ತದೆ. ಮನೆಯವರ ಲೆಕ್ಕಕ್ಕೆ ಬರುವುದು ಡಬ್ಬಿಯ ಮೇಲಿನ 950. ಕಾನೂನು ಹೇಳುವುದು ಎಂಆರ್‌ಪಿ ಮೇಲೆ ಮಾರಬಾರದು ಅಂತ. ಅಷ್ಟಕ್ಕೇ ಮಾರಲೇಬೇಕು ಅಂತಲ್ಲ. ನಡುವಿನ ಮುನ್ನೂರು ಕೂಲಿಯಷ್ಟೇ ದೊಡ್ಡದು. ಕೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಿ ಗೆದ್ದೆ ಎಂದುಕೊಂಡ ಗೃಹಿಣಿ, ಸಾಮಾನಿನಲ್ಲಿ ಮುನ್ನೂರು ಸೋತಿರುತ್ತಾಳೆ. ಕೂಲಿ ಇಳಿಸಿದಷ್ಟೂ ಕೆಲಸಗಾರ ಸಾಮಾನಿನಲ್ಲಿ ಹುಡುಕುತ್ತಾನೆ. ಇದು ಹಾರ್ಡ್‌ವೇರ್ ಅಂಗಡಿಯವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಬಿಲ್ ಪುಸ್ತಕದಲ್ಲಿ ನಿಜವಾಗಿ ಪಡೆದ ಬೆಲೆಯನ್ನೇ ಬರೆದುಕೊಟ್ಟರೆ ಈ ಆಟ ಅರ್ಧಕ್ಕೆ ನಿಲ್ಲುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಮಾನಿಗಾಗಲಿ ಸೇವೆಗಾಗಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ಐದು ಲಕ್ಷದೊಳಗಿನ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಮುನ್ನೂರು ರೂಪಾಯಿಗೆ ಒಂದು ದಿನದ ಸಂಬಳ ಬಿಟ್ಟು ಆಯೋಗದ ಮೆಟ್ಟಿಲು ಹತ್ತುವವರು ಯಾರು?

ಮಜಾ ಇರೋದು ಇಲ್ಲಿ. ಲಗ್ಗೆರೆಯ ಗಂಡಸರಲ್ಲಿ ಎಷ್ಟೋ ಮಂದಿ ಹಗಲೆಲ್ಲ ದರದ ಜೊತೆಯಲ್ಲೇ ಬದುಕುವವರು. ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಜಾಬ್ ವರ್ಕ್ ಹಿಡಿಯುವ ಪದ್ಧತಿ ನೋಡಿ: ಮೊದಲು ಡ್ರಾಯಿಂಗ್ ಬರುತ್ತದೆ, ಆಮೇಲೆ ಪೀಸಿಗೆ ಎಷ್ಟು ಅಂತ ರೇಟು ಆಗುತ್ತದೆ, ಕಬ್ಬಿಣ ಯಾರದ್ದು ಅಂತ ತೀರ್ಮಾನ ಆಗುತ್ತದೆ. ಅದೆಲ್ಲ ಆದ ಮೇಲೇ ಲೇತ್ ತಿರುಗೋದು. ರೇಟು ಆಗದೆ ಒಂದು ಬೋಲ್ಟನ್ನೂ ಕೊರೆಯದ ಮನುಷ್ಯ, ಮನೆಗೆ ಬಂದಾಗ "ಮೊದಲು ಮಾಡಪ್ಪ, ಆಮೇಲೆ ನೋಡೋಣ" ಅನ್ನುತ್ತಾನೆ. ಆ 'ಆಮೇಲೆ' ಬಂದಾಗ ನಲ್ಲಿ ಬಿಚ್ಚಿರುತ್ತದೆ, ನೀರು ನಿಲ್ಲಿಸಿರುತ್ತದೆ, ಚೌಕಾಸಿಗೆ ಜಾಗವೇ ಇರುವುದಿಲ್ಲ. ಫ್ಯಾಕ್ಟರಿಯ ಪದ್ಧತಿಯನ್ನೇ ಮನೆಬಾಗಿಲಿಗೂ ತಂದರೆ ಸಾಕು: ಕೂಲಿ ಎಷ್ಟು, ಸಾಮಾನು ಯಾರು ತರುವುದು, ತೆಗೆದ ಹಳೆಯ ಸಾಮಾನು ಯಾರಿಗೆ. ಮೂರು ಪ್ರಶ್ನೆ, ಒಂದು ನಿಮಿಷ. ಹಿತ್ತಾಳೆ ನಲ್ಲಿಯಾದರೆ ಹಳೆಯದಕ್ಕೂ ಗುಜರಿಯಲ್ಲಿ ಬೆಲೆ ಉಂಟು, ಅದನ್ನು ಮರೆಯಬಾರದು.

ಇನ್ನೊಂದು ಉಪಾಯ ಹಳೇ ಕಾಲದ್ದು, ಆದರೂ ಕೆಲಸ ಮಾಡುತ್ತದೆ. ಬೋರ್ ನೀರಿನ ಉಪ್ಪಿನಿಂದ ನಲ್ಲಿಗಳು ಒಂದೊಂದಾಗಿ ಬಿಗಿಯುತ್ತವೆ. ಇವತ್ತು ಅಡುಗೆಮನೆಯದು, ಮುಂದಿನ ತಿಂಗಳು ಬಚ್ಚಲಿನದು. ಒಂದೊಂದಕ್ಕೂ ಒಬ್ಬನನ್ನು ಕರೆದರೆ ಪ್ರತಿ ಸಲ ಬರುವ ಚಾರ್ಜು ಬೀಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ನಾಲ್ಕು ಕೆಲಸ ಕೂಡಿದ ಮೇಲೆ ಕರೆದು, ಅರ್ಧ ದಿನಕ್ಕೆ 500-600 ಅಂತ ಮಾತಾಡಿದರೆ ಇಬ್ಬರಿಗೂ ಲಾಭ. ಅಕ್ಕಪಕ್ಕದ ಎರಡು ಮನೆಯವರು ಕೂಡಿದರೆ ಇನ್ನೂ ಸಲೀಸು. ಅರ್ಬನ್ ಕಂಪನಿಯಂಥ ಮೊಬೈಲ್ ಆಪ್‌ಗಳಲ್ಲಿ ದರ ಮೊದಲೇ ಕಾಣುತ್ತದೆ. ಅಲ್ಲಿ ಕರೆಸದಿದ್ದರೂ ನೋಡಿಕೊಂಡರೆ ಬೀದಿಯ ದರಕ್ಕೆ ಹೋಲಿಕೆ ಸಿಗುತ್ತದೆ.

ತಾರಸಿ ಸೋರಿಕೆಯ ವಿಷಯ ಮಾತ್ರ ಬೇರೆ. ಅಲ್ಲಿ ಹೋಗುವುದು ನೂರುಗಳಲ್ಲ, ಸಾವಿರಗಳು. ಇಪ್ಪತ್ತು-ಮೂವತ್ತರ ಮನೆಯ ತಾರಸಿ ಸುಮಾರು 600 ಚದರಡಿ. ಚದರಡಿಗೆ 30ರಿಂದ 60ರವರೆಗೆ ಕೇಳುವವರಿದ್ದಾರೆ. ಅಂದರೆ 18,000ದಿಂದ 36,000. ಬಿಳೀ ಬಣ್ಣ ಬಳಿದು "ಹತ್ತು ವರ್ಷ ಗ್ಯಾರಂಟಿ" ಎಂದು ಹೋದವರ ಫೋನು ಮೊದಲ ಮಳೆಗೇ ಸ್ವಿಚ್ ಆಫ್. ಹೆಚ್ಚಿನ ಮನೆಗಳಲ್ಲಿ ನೀರು ಇಳಿಯುವುದು ತಾರಸಿಯ ನಡುವಿನಿಂದಲ್ಲ; ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯಿಂದ, ಮಳೆನೀರಿನ ಪೈಪಿನ ಬಾಯಿಂದ. ಬಿರುಕು ಕೆತ್ತಿ ತುಂಬದೆ, ಧೂಳು ತೊಳೆಯದೆ ಮೇಲೆ ಬಳಿದ ಬಣ್ಣ ನಿಲ್ಲದು. ಕೆಲಸ ಮುಗಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ತಾರಸಿಯಲ್ಲಿ ಒಂದು ದಿನ ನೀರು ನಿಲ್ಲಿಸಿ, ಕೆಳಗೆ ಚಾವಣಿ ನೋಡಬೇಕು. ಕೊನೆಯ ಕಂತು ಕೊಡುವುದು ಆಮೇಲೆ. ಜನವರಿಯಿಂದ ಮಾರ್ಚ್ ಒಳಗೆ ಮಾಡಿಸಿದರೆ ತಾರಸಿಯೂ ಒಣಗಿರುತ್ತದೆ, ಕೆಲಸಗಾರನೂ ಬಿಡುವಾಗಿರುತ್ತಾನೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು, ರಿಪೇರಿ ಯಾಕೆ ಅಗ್ಗವಾಗಲಿಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ. ಒಂದೆರಡು ಮೂಟೆಯ ಕೆಲಸದಲ್ಲಿ ಸಿಮೆಂಟಿನ ಪಾಲು ಚಿಕ್ಕದು, ಕೂಲಿಯದೇ ದೊಡ್ಡದು.

ಅಗ್ಗಕ್ಕೆ ಮಾಡಿಸಲೇಬಾರದ ಕೆಲಸ ಒಂದಿದೆ. ಪಿಟ್ಟು ತುಂಬಿದರೆ, ಮ್ಯಾನ್‌ಹೋಲ್ ಕಟ್ಟಿಕೊಂಡರೆ ಐನೂರು ರೂಪಾಯಿಗೋ ಸಾವಿರಕ್ಕೋ ಯಾರನ್ನಾದರೂ ಒಳಗಿಳಿಸುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಒಳಗಿನ ವಿಷಗಾಳಿ ಕಣ್ಣಿಗೆ ಕಾಣದು, ಇಳಿದವನಿಗೆ ಕೂಗಲೂ ಪುರುಸೊತ್ತು ಕೊಡದು. ಎಷ್ಟೋ ಸಲ ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಹೀಗೆ ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು 2025ರ ಜನವರಿಯಲ್ಲಿ ಆದೇಶವೂ ಆಗಿದೆ. ರಸ್ತೆಯ ಮ್ಯಾನ್‌ಹೋಲ್ ಕಟ್ಟಿದರೆ ಅದು ಜಲಮಂಡಳಿಯ ಕೆಲಸ, 1916ಕ್ಕೆ ಫೋನು ಮಾಡಬೇಕು. ಮನೆಯ ಪಿಟ್ಟಿಗೆ ಯಂತ್ರದ ಗಾಡಿ ಕರೆಸಬೇಕು. ಅದು ದುಬಾರಿಯೇ, ಕೊಡಬೇಕಾದ ದುಬಾರಿ. ಕರೆಂಟಿನ ಕಂಬದಲ್ಲಿ ಕಿಡಿ ಬಂದರೂ ಹಾಗೆಯೇ. ಬೀದಿಯ ಎಲೆಕ್ಟ್ರಿಷಿಯನ್‌ನನ್ನು ಕಂಬ ಹತ್ತಿಸದೆ ಬೆಸ್ಕಾಂನ 1912ಕ್ಕೆ ಹೇಳಬೇಕು.

ಇನ್ನು ಬಾಡಿಗೆದಾರ-ಮಾಲೀಕರ ಜಗಳ. ನಲ್ಲಿ ಹಾಳಾದರೆ ಮಾಲೀಕರು "ನೀವೇ ಮಾಡಿಸ್ಕೊಳ್ಳಿ" ಅನ್ನುತ್ತಾರೆ, ಬಾಡಿಗೆದಾರರು "ಮನೆ ನಿಮ್ದು" ಅನ್ನುತ್ತಾರೆ, ಕೊನೆಗೆ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೊಂದು ಪಟ್ಟಿ ಇದೆ. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣಬಣ್ಣ, ಪೈಪು ಬದಲಾವಣೆ, ವೈರಿಂಗ್ ಮಾಲೀಕರ ಪಾಲು. ನಲ್ಲಿ ಮತ್ತು ಅದರ ವಾಷರ್, ಸ್ವಿಚ್ಚು-ಸಾಕೆಟ್ಟು, ಬೀಗ, ಗೀಸರ್ ರಿಪೇರಿ, ಬಚ್ಚಲು ಕಟ್ಟಿದರೆ ಬಿಡಿಸುವುದು ಬಾಡಿಗೆದಾರರ ಪಾಲು. ಅದು ಮಾದರಿ ಮಾತ್ರ. ಆದರೆ ಕರಾರು ಪತ್ರದಲ್ಲಿ ಇಷ್ಟು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಸರ್ಕಾರದ ಕೆಲಸಕ್ಕೆ ಲೋಕೋಪಯೋಗಿ ಇಲಾಖೆ ದರಪಟ್ಟಿ ಮಾಡುತ್ತದೆ. ಕಂಟ್ರಾಕ್ಟರುಗಳ ಬಾಯಲ್ಲಿ ಅದು 'ಎಸ್ಸಾರ್'. ಬಡವನ ಬಚ್ಚಲಿಗೆ ಎಸ್ಸಾರ್ ಬರೆದುಕೊಡಿ ಎಂದು ವಿಧಾನಸೌಧಕ್ಕೆ ಅರ್ಜಿ ಹಾಕಿ ಕೂತರೆ ಮೊಮ್ಮಕ್ಕಳ ಕಾಲಕ್ಕೆ ಬಂದೀತು. ಲಗ್ಗೆರೆ ಮುಖ್ಯರಸ್ತೆಯ ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ ಅಂಗಡಿಯವರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳು ಹೇಗೂ ಬೆಳಿಗ್ಗೆ ಅವರ ಅಂಗಡಿ ಮುಂದೆಯೇ ಸೇರುತ್ತಾರೆ. ಅವರನ್ನೇ ಕೂರಿಸಿ ಕೇಳಿ, ಹತ್ತು ಸಾಮಾನ್ಯ ಕೆಲಸಗಳಿಗೆ ಕಡಿಮೆ-ಹೆಚ್ಚು ಎರಡು ಅಂಕಿ ಬರೆದು ಅಂಗಡಿ ಮುಂದೆ ತೂಗುಹಾಕಬಹುದು. ವರ್ಷಕ್ಕೊಮ್ಮೆ ಯುಗಾದಿಗೆ ಅಂಕಿ ತಿದ್ದಬಹುದು. ಕೆಲಸಗಾರನಿಗೆ ಕೂಲಿ ಗಟ್ಟಿಯಾಗುತ್ತದೆ, ಅಂಗಡಿಗೆ ಗಿರಾಕಿ ನೇರವಾಗಿ ಬರುತ್ತಾನೆ. ಬೋರ್ಡು ಬರೆಯುವ ಪೇಂಟರ್‌ನ ಕೂಲಿಯನ್ನು ಮಾತ್ರ ಬರೆಸುವ ಮೊದಲೇ ಮಾತಾಡಿಕೊಳ್ಳಲಿ.