ಬಾನೆಟ್ ಮುಟ್ಟಿ ನೋಡಿ

2020ರಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಕಾರು ಹೊಸದಾಗಿ ಸಿಗುವುದು ಅಪರೂಪ; ಹಳೆಯದೇ ಗತಿ. ಪಿ.ಎಫ್. ಹಣ ತೆಗೆದಿದ್ದ ಸಹೋದ್ಯೋಗಿಯೊಬ್ಬರು ಇಂಥದೊಂದನ್ನು ನೋಡಲು ದಾವಣಗೆರೆಯಿಂದ ಹರಿಹರಕ್ಕೆ ನನ್ನನ್ನೂ ಕರೆದೊಯ್ದರು. ಕಾರು ಥಳಥಳಿಸುತ್ತಿತ್ತು. ಕೀಲಿ ತಿರುಗಿಸಿದ್ದೇ ತಡ, ಸ್ಟಾರ್ಟ್ ಆಯಿತು. ನಾನು ಬಾನೆಟ್ ಮೇಲೆ ಕೈಯಿಟ್ಟೆ. ಬಿಸಿ!

“ಈಗಷ್ಟೇ ಒಂದು ರೌಂಡ್ ಹೋಗಿ ಬಂದೆ ಸಾರ್” ಎಂದರು ಮಾಲೀಕರು.

“ನಾಳೆ ಬೆಳಿಗ್ಗೆ ಬರ್ತೀವಿ. ಅಲ್ಲೀವರೆಗೆ ಸ್ಟಾರ್ಟ್ ಮಾಡಬೇಡಿ” ಎಂದೆ.

ಕಾರಣವಿಷ್ಟೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಸುಮಾರು 1/18ಕ್ಕೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಬುಡ ಬಿಸಿಯಾಗುವುದಿಲ್ಲವೇ, ಹಾಗೆ. ಪಿಸ್ಟನ್ ರಿಂಗ್ ಸವೆದಿದ್ದರೆ ಗಾಳಿ ಸೋರುತ್ತದೆ, ಬಿಸಿ ಸಾಲುವುದಿಲ್ಲ. ಮೊದಲೇ ಬಿಸಿಯಾದ ಎಂಜಿನ್ ಈ ಕೊರತೆಯನ್ನು ಮುಚ್ಚಿಬಿಡುತ್ತದೆ.

ಮರುದಿನ ಅದೇ ಕಾರು ನಾಲ್ಕು ಸಲ ಕೆಮ್ಮಿ, ಬಿಳಿ ಹೊಗೆ ಕಾರಿ ಎದ್ದಿತು. ಆಮೇಲೂ ನೀಲಿ ಹೊಗೆ ನಿಲ್ಲಲಿಲ್ಲ, ಆಯಿಲ್ ಉರಿಯುತ್ತಿತ್ತು.

ತಣ್ಣಗೆ ಸ್ಟಾರ್ಟ್ ಆಗದಿರಲು ಗ್ಲೋ ಪ್ಲಗ್ ಕೆಟ್ಟಿರುವುದೂ ಕಾರಣವಿರಬಹುದು; ಅದು ಸಣ್ಣ ರಿಪೇರಿ. ಯಾವುದೆಂದು ತಿಳಿಯಲು ಮೆಕ್ಯಾನಿಕ್ಕಿನಿಂದ ಕಂಪ್ರೆಶನ್ ಅಳೆಸಿ. ಅದರ ಖರ್ಚು ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಸಹೋದ್ಯೋಗಿಯ ಹಣ ಉಳಿಯಿತು. ಕಾರು ಇನ್ನೂ ಹುಡುಕುತ್ತಿದ್ದಾರೆ, ಬೆಳಿಗ್ಗೆ ಹೊತ್ತು ಮಾತ್ರ.