ಅಂಗಳಕ್ಕೆ ಯಾವುದು ಮೇಲು: ಬಿಲ್ವವೋ, ಹುಲ್ಲುಹಾಸೋ?

ಹೊಸ ಮನೆಯನ್ನು ಕಟ್ಟಿಸಿದ ಕುಟುಂಬಗಳಲ್ಲಿ ಗೃಹಪ್ರವೇಶದ ಸಂಭ್ರಮ ಮುಗಿಯುತ್ತಲೇ ಒಂದು ಜಿಜ್ಞಾಸೆ ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಯ ಮುಂದೆ ಉಳಿದ ನಾಲ್ಕು ಗೇಣು ನೆಲದಲ್ಲಿ ಏನನ್ನು ಬೆಳೆಸುವುದು? ಮಕ್ಕಳಿಗೆ ಹಸಿರು ಹುಲ್ಲುಹಾಸು ಬೇಕು, ಹಿರಿಯರಿಗೆ ಪೂಜೆಗೊದಗುವ ಮರ ಬೇಕು. ಊಟಿಯ ಪ್ರವಾಸದಿಂದ ಮರಳಿದವರು ಅಲ್ಲಿನ ಬೇರಿಕಾಯಿಯ, ಅಂದರೆ ಮರಸೇಬಿನ, ಸಸಿಯನ್ನು ತರುವ ಮಾತನಾಡುವುದೂ ಉಂಟು. ಮರಸೇಬು ಹೂಬಿಟ್ಟು ಕಾಯಾಗಲು ಚಳಿಗಾಲದ ತಂಪು ಬೇಕು. ಅದರ ಹಲವು ತಳಿಗಳಿಗೆ ಪರಾಗಕ್ಕಾಗಿ ಬೇರೊಂದು ತಳಿಯ ಮರವೂ ಹತ್ತಿರದಲ್ಲಿರಬೇಕು. ಆದ್ದರಿಂದ ನಮ್ಮ ಬಯಲುಸೀಮೆಯ ಅಂಗಳಕ್ಕೆ ಅದು ಒಗ್ಗುವುದಲ್ಲ. ಹೀಗೆ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಬಿಲ್ವವೋ, ಹುಲ್ಲುಹಾಸೋ?

ಹುಲ್ಲುಹಾಸನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದರ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಅದು ಮಣ್ಣನ್ನು ಹಿಡಿದಿಡುತ್ತದೆ, ಧೂಳನ್ನು ತಡೆಯುತ್ತದೆ. ಬಿದ್ದ ಮಗುವಿನ ಮೊಣಕಾಲು ತರಚುವುದಿಲ್ಲ. ಬೆಳಗಿನ ಹೊತ್ತು ಬರಿಗಾಲಿನಲ್ಲಿ ಅದರ ಮೇಲೆ ನಡೆದರೆ ವೃದ್ಧರ ಪಾದಕ್ಕೆ ಹಿತವಾಗುತ್ತದೆ. ಸರಿಯಾಗಿ ನೆಟ್ಟರೆ ಎರಡು ಮೂರು ತಿಂಗಳಲ್ಲಿ ನೆಲವೆಲ್ಲ ತುಂಬಿ ಕಣ್ಣಿಗೆ ತಂಪೆರೆಯುತ್ತದೆ. ಬಿಲ್ವವಾದರೋ ತಾಳ್ಮೆಯನ್ನು ಬೇಡುವ ವೃಕ್ಷ. ಬೀಜದಿಂದ ಬೆಳೆದ ಗಿಡ ಕಾಯಿ ಬಿಡಲು ಸಾಮಾನ್ಯವಾಗಿ ಏಳೆಂಟು ವರ್ಷಗಳು ಹಿಡಿಯುತ್ತವೆ. ಕಸಿಯ ಗಿಡವಾದರೆ ಕೆಲವು ವರ್ಷ ಮೊದಲೇ ಫಲಿಸೀತು. ಕೊಂಬೆಯಲ್ಲಿ ಮುಳ್ಳುಗಳಿವೆ. ಬೇಸಿಗೆಯ ಆರಂಭದಲ್ಲಿ ಎಲೆಯುದುರಿ ಅಂಗಳ ತುಂಬುತ್ತದೆ. ಕಲ್ಲಿನಂಥ ತೊಗಟೆಯ ಹಣ್ಣು ಮೇಲಿನಿಂದ ಬಿದ್ದರೆ ತಲೆಗೂ ವಾಹನಕ್ಕೂ ಅಪಾಯವೇ.

ಆದರೆ ಲೆಕ್ಕವನ್ನು ನೀರಿನ ಕೊಡದಿಂದ ಹಾಕಿ ನೋಡಿದಾಗ ಚಿತ್ರ ಬದಲಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ನಿಲ್ಲಬೇಕಾದರೆ 1 ಲೀಟರ್ ಬೇಕು. ಬಿರುಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಬೇಡುತ್ತದೆ. 20 ಅಡಿ ಉದ್ದ, 20 ಅಡಿ ಅಗಲದ ಹಾಸು ಎಂದರೆ ಸುಮಾರು 37 ಚದರ ಮೀಟರ್. ದಿನವೊಂದಕ್ಕೆ 180 ಲೀಟರಿಗೂ ಮಿಗಿಲಾಯಿತು. ಅಂದರೆ 15 ಲೀಟರಿನ ಹನ್ನೆರಡು ಕೊಡ. ನಮ್ಮ ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಒದಗಿಸಬೇಕೆಂದು ಯೋಜಕರು ಇಟ್ಟುಕೊಂಡಿರುವ ಅಳತೆ 135 ಲೀಟರ್. ಮನೆಯ ಮುಂದೆ ಚಿಕ್ಕ ಹಾಸೊಂದನ್ನು ಇಟ್ಟುಕೊಂಡರೆ, ಬೇಸಿಗೆಯಲ್ಲಿ ಮನೆಗೆ ಇನ್ನೊಬ್ಬ ಸದಸ್ಯನನ್ನು ಸೇರಿಸಿಕೊಂಡಂತೆಯೇ ಸರಿ. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈದೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಕೂಡದೆಂದು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ಇನ್ನು ಬಿಲ್ವಕ್ಕೆ ಮೊದಲ ಎರಡು ಮೂರು ಬೇಸಿಗೆಗಳಲ್ಲಿ ವಾರಕ್ಕೆರಡು ಬಾರಿ ಒಂದೊಂದು ಕೊಡ ನೀರು ಸಾಕು. ಬೇರು ಆಳಕ್ಕಿಳಿದ ಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕಲ್ಲುಭೂಮಿಯಲ್ಲಿಯೂ ಸವುಳು ನೆಲದಲ್ಲಿಯೂ ಅದು ಬಾಳಬಲ್ಲದು.

ಈ ಲೆಕ್ಕವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 2012ರಲ್ಲಿ ನಮ್ಮ ಮನೆ ಕಟ್ಟಿ ಮುಗಿದಾಗ ಅಂಗಳಕ್ಕೆ ಕೊರಿಯನ್ ಹುಲ್ಲನ್ನು ಹಾಸಿಸಿದೆವು. ಬಂದವರೆಲ್ಲ ಮೆಚ್ಚಿದರು. ಮಾತೋಶ್ರೀಯವರು ಮಾತ್ರ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು, "ಹುಲ್ಲು ಚಲೋ ಐತಿ ತಮ್ಮಾ, ಕಣ್ಣಿಗೆ ತಂಪು. ಆದ್ರ ಒಂದು ಪತ್ರಿ ಗಿಡ ಹಚ್ಚಿದ್ರ ಪೂಜಿಗೂ ಆಗ್ತಿತ್ತು, ನೆಳ್ಳಿಗೂ ಆಗ್ತಿತ್ತು" ಎಂದರು. ಮುಂದಿನ ಮಳೆಗಾಲಕ್ಕೆ ನೋಡೋಣವೆಂದೆವು. ಮುಂದಿನ ಮಳೆಗಾಲ ಬಂತು, ಹೋಯಿತು. ಹಾಸಿನ ನಡುವೆ ಗುಂಡಿ ತೋಡಲು ಮನಸ್ಸಾಗಲಿಲ್ಲ. ಅವರು ನಿತ್ಯವೂ ಇಷ್ಟಲಿಂಗ ಪೂಜೆಗೆ ನೆರೆಮನೆಯ ಬೇಲಿಯಾಚೆಯಿಂದ ಕೇಳಿ ತಂದ ಪತ್ರೆಯನ್ನೇ ಏರಿಸುತ್ತಿದ್ದರು. 2015ರಲ್ಲಿ ಅವರು ಲಿಂಗೈಕ್ಯರಾದರು. 2016ರ ಮಳೆ ಕೈಕೊಟ್ಟು ರಾಜ್ಯಕ್ಕೆ ಬರ ಬಂದಾಗ, ಮರುಬೇಸಿಗೆಯಲ್ಲಿ ನಮ್ಮ ಹಾಸು ತಿಂಗಳೊಳಗೆ ಒಣಗಿ ಹೋಯಿತು. ಕುಡಿಯುವುದಕ್ಕೇ ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ ಹುಲ್ಲಿಗೆ ನೀರೆರೆಯುವ ಧೈರ್ಯ ಯಾರಿಗಿದ್ದೀತು? 2017ರ ಮುಂಗಾರಿನಲ್ಲಿ ಅದೇ ಜಾಗದಲ್ಲಿ ಒಂದು ಬಿಲ್ವದ ಸಸಿಯನ್ನು ನೆಟ್ಟೆವು. ಈಗ ಅದು ಮಾಳಿಗೆಯ ಎತ್ತರಕ್ಕೆ ಬೆಳೆದು ಕಾಯಿ ಹಿಡಿದಿದೆ. ಪತ್ರೆ ಕೀಳುವ ಪ್ರತಿ ಮುಂಜಾನೆಯೂ, ಐದು ವರ್ಷ ಮೊದಲೇ ನೆಡಬಹುದಿತ್ತೆಂಬ ಮಾತು ನಮ್ಮ ಮನಸ್ಸಿಗೆ ಬಾರದೆ ಇರದು. ತಾಳ್ಮೆ ಬೇಡುವ ಮರವನ್ನು ತಡಮಾಡದೆ ನೆಡಬೇಕು ಎಂಬುದು ನಮಗೆ ದೊರೆತ ಪಾಠ.

ನೆಡಬಯಸುವವರಿಗಾಗಿ ಕೆಲವು ಮಾತುಗಳು. ಮುಂಗಾರಿನ ಮೊದಲ ಹದಮಳೆಯಾದ ಮೇಲೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಗೋಡೆಯಿಂದಲೂ ನೀರಿನ ತೊಟ್ಟಿಯಿಂದಲೂ ಹತ್ತು ಹದಿನೈದು ಅಡಿಯ ದೂರವಿರಲಿ. ವಾಹನ ನಿಲ್ಲುವ ಕಡೆಗೆ ಕೊಂಬೆ ಚಾಚದಂತೆ ಎಳವೆಯಲ್ಲಿಯೇ ಸವರಿರಿ. ಬಿಲ್ವವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ಆದಕಾರಣ ನಿಂಬೆಗಿಡವನ್ನು ಕಾಡುವ ಚಿಟ್ಟೆಯ ಹುಳು ಇದರ ಚಿಗುರನ್ನೂ ತಿನ್ನುತ್ತದೆ. ಎಳೆಯ ಹುಳು ನೋಡಲು ಹಕ್ಕಿಯ ಹಿಕ್ಕೆಯಂತಿರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಕೈಯಿಂದಲೇ ಆಯ್ದು ತೆಗೆಯಿರಿ. ಲಿಂಗಕ್ಕೆ ಏರುವ ಪತ್ರೆಯ ಮೇಲೆ ವಿಷದ ಔಷಧವನ್ನು ಸಿಂಪಡಿಸುವುದು ತರವಲ್ಲ. ಎಲೆಯುದುರುವ ಕಾಲದಲ್ಲಿ ಗಾಬರಿಯಾಗಬೇಡಿರಿ; ಸ್ವಲ್ಪ ದಿನಗಳಲ್ಲಿಯೇ ಹೊಸ ಚಿಗುರು ಬರುತ್ತದೆ, ಬೆನ್ನಿಗೇ ಹಸಿರುಬಿಳಿಯ ಪರಿಮಳದ ಹೂವು. ಆ ಹೂವು ಹಣ್ಣಾಗಲು ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಹಣ್ಣಿನ ತಿರುಳನ್ನು ನೀರಿನಲ್ಲಿ ಕಿವುಚಿ, ಸೋಸಿ, ಬೆಲ್ಲ ಬೆರೆಸಿದರೆ ಬೇಸಿಗೆಗೆ ಒಳ್ಳೆಯ ಪಾನಕವಾಗುತ್ತದೆ.

ಹಾಗಾದರೆ ಹುಲ್ಲಿಗೆ ಅಂಗಳದಲ್ಲಿ ಎಡೆಯೇ ಇಲ್ಲವೇ? ಇದೆ. ನರ್ಸರಿಗಳಲ್ಲಿ ಬರ್ಮುಡಾ ಹುಲ್ಲೆಂದು ಮಾರುವುದು ಬೇರೇನೂ ಅಲ್ಲ, ನಮ್ಮ ಗರಿಕೆಯೇ. ಹೊಲದಲ್ಲಿ ರೈತನು ಕಿತ್ತಷ್ಟೂ ಚಿಗುರುವ ಆ ಛಲವೇ ಅಂಗಳದಲ್ಲಿ ಗುಣವಾಗುತ್ತದೆ. ನೀರಿಲ್ಲದಾಗ ಕಂದುಬಣ್ಣಕ್ಕೆ ತಿರುಗಿ ಮಲಗುತ್ತದೆ, ಮಳೆ ಬಿದ್ದೊಡನೆ ಎದ್ದು ನಿಲ್ಲುತ್ತದೆ. ಆದರೆ ಗರಿಕೆಗೆ ಬಿಸಿಲು ಬೇಕು, ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ. ಆದ್ದರಿಂದ ಮರವು ಒಂದು ಮೂಲೆಯಲ್ಲಿರಲಿ, ಬಿಸಿಲು ಬೀಳುವ ಕಡೆ ಮಕ್ಕಳಿಗಾಗಿ ನಾಲ್ಕು ಹೆಜ್ಜೆಯಷ್ಟು ಗರಿಕೆ ಇರಲಿ. ಅಕ್ಕಿ ಬೇಳೆ ತೊಳೆದ ನೀರನ್ನು ಅದಕ್ಕೆ ಚೆಲ್ಲಿದರೆ ಹೆಚ್ಚಿನ ಹೊರೆಯೇನೂ ಆಗದು. ಅಂಗಳವೇ ಇಲ್ಲದವರು ಮಠದ ಆವರಣದಲ್ಲಿಯೋ ಬಡಾವಣೆಯ ಉದ್ಯಾನದಲ್ಲಿಯೋ ಅನುಮತಿ ಪಡೆದು ಒಂದು ಬಿಲ್ವವನ್ನು ನೆಟ್ಟು ಸಲಹಬಹುದು. ಈಗಾಗಲೇ ಹಳೆಯ ಮರವಿರುವ ನಿವೇಶನವನ್ನು ಕೊಂಡವರು ಹುಲ್ಲುಹಾಸಿಗಾಗಿ ಅದನ್ನು ಕಡಿಸಲು ಅವಸರಪಡದಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ನೆಲದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು.

ಕೊನೆಯದಾಗಿ ಒಂದು ಬಿನ್ನಹ. ಶಿವರಾತ್ರಿ ಬಂತೆಂದರೆ, ಶ್ರಾವಣ ಸೋಮವಾರ ಬಂತೆಂದರೆ, ಬೀದಿಯ ಬಿಲ್ವಗಳು ಬೋಳಾಗಿ ನಿಲ್ಲುವುದನ್ನು ನೋಡುತ್ತೇವೆ. ಎಳೆಯ ಚಿಗುರನ್ನು ಚಿವುಟಿ, ಕೊಂಬೆಯನ್ನೇ ಮುರಿದು, ಕೆಲವೊಮ್ಮೆ ಒಡೆಯನಿಗೆ ತಿಳಿಯದಂತೆ ಕೊಯ್ದ ಪತ್ರೆಯಿಂದ ಮಾಡುವ ಪೂಜೆ ಎಂಥ ಪೂಜೆ? ಶರಣರು ಪತ್ರೆಗಿಂತ ಭಾವವನ್ನು ದೊಡ್ಡದೆಂದರು. ಕೈಯಾರೆ ನೆಟ್ಟು, ನೀರೆರೆದು, ಹುಳು ಆಯ್ದು, ವರ್ಷಗಟ್ಟಲೆ ಕಾದು ಪಡೆದ ಒಂದೇ ತ್ರಿದಳದಲ್ಲಿ ಆ ಭಾವ ತಾನಾಗಿ ಕೂಡಿರುತ್ತದೆ. ಅಂಥ ಆರೈಕೆಯೇ ಕಾಯಕ. ಮರ ದೊಡ್ಡದಾದ ಮೇಲೆ ಬೇಲಿಯಾಚೆಯಿಂದ ಕೇಳಿದವರಿಗೆ ಒಂದು ಹಿಡಿ ಪತ್ರೆಯನ್ನು ಸಂತೋಷದಿಂದ ಕೊಡುವುದೇ ದಾಸೋಹ. ನಮ್ಮ ಮಾತೋಶ್ರೀಯವರಿಗೆ ಇಲ್ಲವೆನ್ನದೆ ಪತ್ರೆ ಕೊಟ್ಟ ಆ ನೆರೆಮನೆಯ ತಾಯಿಯ ಮರ ಈಗಿಲ್ಲ, ಗಾಳಿಗೆ ಉರುಳಿತು. ಸೋಮವಾರದ ಮುಂಜಾನೆ ಈಗ ಅವರ ಮೊಮ್ಮಗಳು ನಮ್ಮ ಬಾಗಿಲಿಗೆ ಬಟ್ಟಲು ಹಿಡಿದು ಬರುತ್ತಾಳೆ.

ಈ ಮುಂಗಾರಿಗೆ ತಮ್ಮ ಮನೆಯಲ್ಲಿಯೂ ಒಂದು ಸಸಿ ಬೇರೂರಲಿ.